ಮೂರು ಬೆರಳು ಇಳಿದ ಶೀಸೆ

"ಈ ಎಣ್ಣಿ ಹ್ಯಾಂಗ ತಯಾರ ಆಗ್ತದ ಅನ್ನೋದು ನನ್ನ ಬಾಯಿಂದ ಹೊರಗ ಬೀಳಂಗಿಲ್ರಿ ಉಸ್ತಾದ್."

ಬೀದರಿನ ಚೌಬಾರಾದ ಹಿಂದಿನ ಓಣಿಯಲ್ಲಿ, ಬಂದೂಕು ರಿಪೇರಿಯ ಕುತುಬೋದ್ದೀನ ಉಸ್ತಾದರ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬಲಗೈ ಊರಿ ಮಡೆಪ್ಪ ಹೀಗೆಂದು ಹನ್ನೆರಡು ವರ್ಷವಾಗಿತ್ತು. ಅಂದು ನಿಜಾಮರ ಪೊಲೀಸಿನಲ್ಲಿ ಹೊಸ ಸಿಪಾಯಿ. ಆಮೇಲೆ ಹೈದರಾಬಾದ್ ರಾಜ್ಯದ ಪೊಲೀಸು. ಈಗ ಎರಡು ತಿಂಗಳಿಂದ ಮೈಸೂರು ರಾಜ್ಯದ ಜಮಾದಾರ. ಟೋಪಿ ಬದಲಾಗಿತ್ತು, ಕಾಗದದ ಭಾಷೆ ಬದಲಾಗಿತ್ತು. ಕೊಟ್ಟ ಮಾತು ಮಾತ್ರ ಹಾಗೇ ಇತ್ತು.

ಇವತ್ತು ಆ ಎಣ್ಣೆ ಇರಬಾರದ ಜಾಗದಲ್ಲಿ ಕೂತಿತ್ತು. ಪಂಢರಿಯ ಬಂದೂಕಿನ ಹೊಟ್ಟೆಯೊಳಗೆ.

ಠಾಣೆಯ ಮೇಲಿನ ಬಂದೂಕಿನ ಕೋಣೆಯಲ್ಲಿ ಮೇಜಿನ ಮೇಲೆ ಆ ಏಕನಾಳಿ ಬಂದೂಕು ಬಿಚ್ಚಿಕೊಂಡು ಬಿದ್ದಿತ್ತು. ಮೊನ್ನೆ ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ, ಊರಿಗೆ ಊರೇ ಹೊಲದಲ್ಲಿ ಉಣ್ಣಲು ಕೂತಿದ್ದಾಗ, ಭಾತಂಬ್ರಾದ ಧೊಂಡಿಬಾ ಪಾಟೀಲರು ತಮ್ಮ ಜೋಳದ ಹೊಲದ ಬದುವಿನ ಮೇಲೆ ಗುಂಡು ತಗುಲಿ ಸತ್ತಿದ್ದರು. ಪಕ್ಕದಲ್ಲೇ ಈ ಬಂದೂಕು ಸಿಕ್ಕಿತ್ತು. ಹೊಲ ಕಾಯುವ ಪಂಢರಿಯದು. ಪಂಢರಿ ಕೆಳಗೆ ಲಾಕಪ್ಪಿನಲ್ಲಿದ್ದ.

"ಇನ್ನೂ ಎಷ್ಟೊತ್ತು ಜಮಾದಾರ್ರೇ?" ಬಾಗಿಲಲ್ಲಿ ಸಬ್ ಇನ್ಸ್‌ಪೆಕ್ಟರ್ ಮರಿಬಸವಯ್ಯ ನಿಂತಿದ್ದ. ಮೈಸೂರು ಕಡೆಯಿಂದ ಬಂದು ಒಂದೂವರೆ ತಿಂಗಳು. "ಬಂದೂಕು ಸರಿಯಿದೆ, ಇದರಿಂದಲೇ ಗುಂಡು ಹಾರಿದೆ ಅಂತ ಎರಡು ಸಾಲು ಬರೆದು ಸಹಿ ಹಾಕಿ. ನಾಲ್ಕು ಗಂಟೆಗೆ ಅವನನ್ನ ಕೋರ್ಟಿಗೆ ಹಾಜರು ಮಾಡ್ಬೇಕು. ನಿಮ್ಮ ಸಹಿ ಬಿದ್ರೆ ಕೇಸು ಮುಗೀತು."

"ಪಂಢರಿನೂ ಮುಗದಂಗೇ ಅಲ್ರೀ?"

"ಕೊಂದವನಿಗೆ ಇನ್ನೇನು, ಸನ್ಮಾನ ಮಾಡ್ಬೇಕಾ?" ಮರಿಬಸವಯ್ಯ ಒಳಗೆ ಬಂದು ಮೇಜಿನ ಅಂಚಿನಲ್ಲಿದ್ದ ನಾಲ್ಕು ಬಟ್ಟಲು ನೋಡಿದ. "ಹಾಂ, ಆ ಎಣ್ಣೆ ವರದಿ ಏನಾಯ್ತು? ಬೆಂಗಳೂರಿನವರು ಎರಡನೇ ಸಲ ಕೇಳಿದ್ದಾರೆ. ಈ ಜಿಲ್ಲೆಯ ಹವೆಗೆ ಬಂದೂಕಿಗೆ ಯಾವ ಎಣ್ಣೆ ಹಾಕ್ಬೇಕು, ಅಷ್ಟೇ."

ಅಷ್ಟೇ! ಆ ಬಟ್ಟಲುಗಳನ್ನಿಟ್ಟು ಹದಿನೈದು ದಿನವಾಗಿತ್ತು. ಒಂದರಲ್ಲಿ ಕುಸುಬಿ ಎಣ್ಣೆ, ಅದು ಆಗಲೇ ಬೆಲ್ಲದ ಪಾಕದಂತೆ ಎಳೆ ಬಿಡುತ್ತಿತ್ತು. ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ, ಬೀದರಿನ ಚಳಿಗೆ ತುಪ್ಪದಂತೆ ಹೆಪ್ಪುಗಟ್ಟಿತ್ತು. ಮೂರನೆಯದು ಹೊಲಿಗೆ ಯಂತ್ರದ ಎಣ್ಣೆ. ತೆಳ್ಳಗೇನೋ ಇತ್ತು, ಆದರೆ ಅದನ್ನು ಹಚ್ಚಿದ ಮೊಳೆಯ ಮೇಲೆ ಹತ್ತೇ ದಿನಕ್ಕೆ ಕೆಂಪು ತುಕ್ಕು ಮೂಡಿತ್ತು. ನಾಲ್ಕನೆಯದು ಮಡೆಪ್ಪನ ಶೀಸೆಯಿಂದ ಸುರಿದದ್ದು. ಸುರಿದ ದಿನ ಹೇಗಿತ್ತೋ ಇವತ್ತೂ ಹಾಗೇ.

ಮರಿಬಸವಯ್ಯನಿಗೂ ಆ ಶೀಸೆಯ ಗುಣ ಗೊತ್ತು. ಬಂದ ಹೊಸದರಲ್ಲಿ ತನ್ನ ರಿವಾಲ್ವರಿಗೆ ಊರಿನ ರೂಢಿಯಂತೆ ಕೊಬ್ಬರಿ ಎಣ್ಣೆ ಹಚ್ಚಿದ್ದ. ಮುಂಜಾನೆಯ ಕವಾಯತಿನಲ್ಲಿ ರಿವಾಲ್ವರಿನ ಕುದುರೆ ಬೆರಳಿಂದ ಎಳೆದರೆ ಅದು ಅಲ್ಲಾಡಲಿಲ್ಲ. ಸಿಪಾಯಿಗಳು ಮೀಸೆಯೊಳಗೇ ನಕ್ಕರು. ಮಡೆಪ್ಪ ಎಲ್ಲ ಒರೆಸಿ ಎರಡು ಹನಿ ಬಿಟ್ಟುಕೊಟ್ಟಿದ್ದ. "ಏನ್ರೀ ಇದು ಮದ್ದು?" ಎಂದಾಗ "ಹಿರೇರು ಕೊಟ್ಟಿದ್ದದರಿ" ಎಂದು ತೇಲಿಸಿದ್ದ.

ಇವತ್ತು ಹೋಲಿಕೆಗೆಂದು ಅದೇ ಕೋಣೆಯ ಕಪಾಟಿನಿಂದ ಆ ಶೀಸೆ ಎತ್ತಿದಾಗ ಅದು ಮೂರು ಬೆರಳಿನಷ್ಟು ಇಳಿದಿತ್ತು. ಕವಾಯತಿನ ಬಂದೂಕುಗಳಿಗೆ ತಾನೇ ಕೈ ಬಿಟ್ಟು ಸುರಿದಿರಬೇಕು ಎಂದುಕೊಂಡು ಮಡೆಪ್ಪ ಅದನ್ನು ಅಲ್ಲಿಗೇ ಬಿಟ್ಟ.

ಅವನ ತಲೆ ತಿನ್ನುತ್ತಿದ್ದುದು ಬಂದೂಕು. ಹೊರಗೆಲ್ಲ ಕುಸುಬಿ ಎಣ್ಣೆಯ ಹಳದಿ ಪದರ. ಹಳ್ಳಿಯಲ್ಲಿ ಎಲ್ಲರೂ ಹಚ್ಚುವುದು ಅದನ್ನೇ. ಮನೆಯ ಗಾಣದ್ದು, ಕೈಗೆ ಸಿಗುತ್ತದೆ. ಬಾವಿಯ ನೀರೆತ್ತುವ ತೊಗಲ ಚೀಲಕ್ಕೆ ಅದು ಒಳ್ಳೆಯದು, ಒಣಗಿ ಗಟ್ಟಿ ಪೊರೆಯಾಗುತ್ತದೆ. ಬಂದೂಕಿಗೆ ಅದೇ ವಿಷ. ತೋಟಾದ ಬೆನ್ನಿಗೆ ಗುದ್ದುವ ಸೂಜಿ ಅಂಟಿಕೊಂಡು ಕೂತುಬಿಡುತ್ತದೆ.

ಆದರೆ ಈ ಬಂದೂಕಿನ ಸೂಜಿ ಕೂತಿರಲಿಲ್ಲ. ಹೊರಗೆ ವರ್ಷಗಳ ಅಂಟು. ಒಳಗೆ ತೊಳೆದಿಟ್ಟ ಹಾಗೆ ನುಣುಪು. ಆ ನುಣುಪಿನಲ್ಲಿ ಅವನ ಹೆಬ್ಬೆರಳು ಹನ್ನೆರಡು ವರ್ಷದಿಂದ ಬಲ್ಲ ಎಣ್ಣೆ.

ಮಡೆಪ್ಪ ಕೆಳಗಿಳಿದ. ಮೆಟ್ಟಿಲ ಮೇಲೆ ಪಾಟೀಲರ ಹೆಂಡತಿ ಜನಾಬಾಯಿ ಎದುರಾದಳು. ಪಂಚನಾಮೆಗೆ ಹೆಬ್ಬೆಟ್ಟು ಒತ್ತಲು ಬಂದಿದ್ದಳು. ಕೊರಳಲ್ಲಿ ತುಳಸಿ ಮಣಿಯ ಸರ, ಕಂಕುಳಲ್ಲಿ ಬಟ್ಟೆಯ ಗಂಟು. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಹಿಡಿದು "ವಿಠ್ಠಲಾ" ಎನ್ನುತ್ತಿದ್ದಳು. ಮಡೆಪ್ಪ ಗೋಡೆಗೆ ಒತ್ತಿ ದಾರಿ ಬಿಟ್ಟ.

ಪಂಢರಿ ಸರಳಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಕಡೀ ಸಲ ಗುಂಡು ಯಾವಾಗ ಹಾರಿಸಿದ್ದಿ?"

"ಎಷ್ಟು ಮಂದಿಗಿ ಹೇಳ್ಲಿರಿ ಜಮಾದಾರ? ದೀಪಾವಳಿಯಿಂದ ಅದರ ಬಾಯಿ ಮುಚ್ಚ್ಯಾದ. ಕುದುರಿ ಎಳದ್ರ ಟಕ್ ಅಂತದ, ಗುಂಡು ಹಾರಂಗಿಲ್ಲ. ಹಂದಿ ಬಂದ್ರ ತಗಡಾ ಬಡೀತೇನಿ. ಭಾತಂಬ್ರಾದ ಹಂದಿಗೆಲ್ಲಾ ಗೊತ್ತದ, ನಿಮಗೊಬ್ಬರಿಗೇ ಗೊತ್ತಿಲ್ಲ."

"ರಿಪೇರಿಗಿ ಯಾರ ಕೈಯಾಗರ ಕೊಟ್ಟಿದ್ದೇನು?"

"ಇಲ್ರಿ. ಜೋಪಡ್ಯಾಗ ಗೂಟಕ್ಕ ತೂಗು ಹಾಕಿದ್ದೆ. ಅಮಾಸಿ ದಿನ ನಾ ಭೂಮಿತಾಯಿಗಿ ಚರಗಾ ಚೆಲ್ಲಾಕ ಅತ್ತಿ ಮನಿ ಹೊಲಕ್ಕ ಹೋಗಿದ್ದೆ. ಬಂದು ನೋಡಿದ್ರ ಗೂಟ ಅದ, ಬಂದೂಕ ಇಲ್ಲ."

ಸುಳ್ಳು ಹೇಳುವವನು ಹಂದಿಯನ್ನು ಸಾಕ್ಷಿಗೆ ಕರೆಯುವುದಿಲ್ಲ ಎನಿಸಿತು ಮಡೆಪ್ಪನಿಗೆ. ಯಾರೋ ಆ ಬಂದೂಕು ಕದ್ದಿದ್ದಾರೆ. ಸೂಜಿ ಅಂಟಿದ್ದು ಕಂಡಿದ್ದಾರೆ. ಬಿಚ್ಚಿ, ತೊಳೆದು, ಈ ಎಣ್ಣೆ ಬಿಟ್ಟು ಬಾಯಿ ತೆರೆಸಿದ್ದಾರೆ. ಈ ಎಣ್ಣೆ ಮಾಡುವ ಮನೆ ಇಡೀ ಜಿಲ್ಲೆಯಲ್ಲಿ ಎರಡೇ. ಒಂದು ಉಸ್ತಾದರದು. ಇನ್ನೊಂದು ತನ್ನದು.

ಮತ್ತೆ ಮೇಲೆ ಹತ್ತಿ, ಬಂದೂಕಿನೊಳಗಿನ ಆ ಎಣ್ಣೆಯನ್ನು ಚಿಂದಿಯೊಂದಕ್ಕೆ ಒರೆಸಿಕೊಂಡು ಅವನು ಚೌಬಾರಾದ ಕಡೆ ನಡೆದ.

*

"ಬಾ ಬೇಟಾ," ಎಂದರು ಕುತುಬೋದ್ದೀನ ಉಸ್ತಾದರು, ಮುಖ ಎತ್ತದೆಯೇ. ಅವರ ಕಣ್ಣಿಗೆ ಪೊರೆ ಬಂದು ಮೂರು ವರ್ಷ. "ಹೆಜ್ಜಿ ಪೊಲೀಸಂದು, ಉಸಿರು ಕಳ್ಳಂದು. ಏನಾಗ್ಯಾದ?"

ಮಗಳು ವಜೀರಬೀ ಹೊಸ್ತಿಲಲ್ಲಿ ಕೂತು ಸಣ್ಣ ಶೀಸೆಗಳಿಗೆ ಎಣ್ಣೆ ತುಂಬುತ್ತಿದ್ದಳು. ಉಸ್ತಾದರ ಕೈ ನಡುಗಲು ಶುರುವಾದ ಮೇಲೆ ಬಂದೂಕು ರಿಪೇರಿ ನಿಂತಿತ್ತು. ಮನೆ ನಡೆಯುತ್ತಿದ್ದುದು ಈ ಶೀಸೆಗಳಿಂದ. ಶಿಕಾರಿಯವರು, ಗಡಿಯಾರದವರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು.

"ಭಾಲ್ಕಿ, ಭಾತಂಬ್ರಾ ಕಡಿಗಿ ಯಾರಿಗರ ಮಾರಿದ್ದೇನು ಅಕ್ಕಾ?"

"ಈ ಚಳಿಗಾಲದಾಗ ಒಂಬತ್ತೇ ಶೀಸಾ ಹೋಗ್ಯಾವ. ಒಂಬತ್ತೂ ಊರಾಗೇ ಅವ. ಯಾಕ?"

ಮಡೆಪ್ಪ ಚಿಂದಿಯನ್ನು ಉಸ್ತಾದರ ಅಂಗೈ ಮೇಲಿಟ್ಟ. ಅವರು ಹೆಬ್ಬೆರಳಿನಿಂದ ತಿಕ್ಕಿದರು. ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು.

"ಎಲ್ಲಿಂದ ತಂದಿ?"

"ಕೊಲಿ ಮಾಡಿದ ಬಂದೂಕಿನ ಒಳಗಿಂದ."

ಉಸ್ತಾದರು ಮೂರನೇ ಸಲ ಮೂಸಿದರು. "ಎಣ್ಣಿ ನಮ್ಮ ಪದ್ಧತೀದೇ. ಆದ್ರ ನಮ್ಮ ಮನೀದಲ್ಲ. ನಮ್ಮಲ್ಲಿ ಇದ್ದಲಿ ಬಿಟ್ಟು ಬ್ಯಾರೆ ಬೆಂಕಿ ಇಲ್ಲ. ಇದರಾಗ ಕುಳ್ಳಿನ ಹೊಗಿ ವಾಸನಿ ಅದ." ಚಿಂದಿ ವಾಪಸು ಚಾಚಿದರು. "ಇದು ನಿನ್ನ ಮನಿ ಎಣ್ಣಿ."

ಮಡೆಪ್ಪ ಚಿಂದಿ ಇಸಿದುಕೊಂಡು ತಾನೇ ಮೂಸಿ ನೋಡಿದ.

"ಯಾರಿಗಿ ಹೇಳಿದಿ?" ಉಸ್ತಾದರ ದನಿ ಏರಿತು. "ಈ ಅಡಿಗಲ್ಲಿನ ಮ್ಯಾಲ ಕೈ ಇಟ್ಟಿದ್ದಿಲ್ಲ ನೀ?"

"ಖುದಾನ ಮ್ಯಾಲ, ಬೀರಪ್ಪನ ಮ್ಯಾಲ, ಯಾರ ಮ್ಯಾಲ ಅಂತೀರಿ ಅವರ ಮ್ಯಾಲ ಆಣಿ ಉಸ್ತಾದ್. ಯಾರಿಗೂ ಹೇಳಿಲ್ಲ."

"ಕುದಸೋರು ಯಾರು?"

"ಪುತಳಾ... ಅಕಿ ಮನೀಯಾಕಿರಿ."

ವಜೀರಬೀ ಲಾಳಿಕೆ ಕೆಳಗಿಟ್ಟು ಜೋರಾಗಿ ನಕ್ಕಳು. "ಹೌದಲಾ, ಮನೀಯಾಕಿ ಎಣಿಕೀಗಿ ಬರಂಗಿಲ್ಲ! ಅಬ್ಬಾನೂ ಹೀಂಗೇ. ಇಪ್ಪತ್ತು ವರ್ಷ ಅಮ್ಮಾ ಕುದಿಸಿದ್ಲು, ಇವರು ಓಣಿ ತುಂಬ 'ಈ ಗುಟ್ಟು ನನಗ, ಅಲ್ಲಾಗ ಇಬ್ಬರಿಗೇ ಗೊತ್ತು' ಅನಕೋತ ತಿರುಗಿದ್ರು."

ಉಸ್ತಾದರು ಕೆಮ್ಮಿದರು. ಮಡೆಪ್ಪನಿಗೆ ನಗು ಬರಲಿಲ್ಲ. ಎಕಂಬಾದ ಕುರಿ ಸಾಕುವ ಮನೆಯವನು ಅವನು. ಕುರಿಯ ಕಾಲು ಊರಿಂದ ಬರುತ್ತಿದ್ದವು, ಪುತಳಾಬಾಯಿ ಕುಳ್ಳಿನ ಒಲೆಯ ಮೇಲೆ ಕುದಿಸುತ್ತಿದ್ದಳು, ಅವನು ಕಡೆಗೆ ಬಟ್ಟೆಯಲ್ಲಿ ಸೋಸಿ ಶೀಸೆಗೆ ತುಂಬುತ್ತಿದ್ದ. ಅಷ್ಟಕ್ಕೇ ಗುಟ್ಟು ತನ್ನದೆಂದು ನಂಬಿದ್ದ.

"ಒಂದು ಮಾತು ಭಾಯಿ," ವಜೀರಬೀ ಈಗ ನಗುತ್ತಿರಲಿಲ್ಲ. "ಹೊಸ ಸಾಹೇಬ ಎಣ್ಣಿ ಬಗ್ಗಿ ಕಾಗದ ಬರಿ ಅಂದಾನಂತಲ್ಲ, ಬಜಾರದಾಗ ಕೇಳಿದ್ದೆ. ಇದು ಸರಕಾರಿ ಕಾಗದದಾಗ ಬಿತ್ತಂದ್ರ ನಾಳಿ ಗಲ್ಲಿಗೊಬ್ಬ ಕುರಿ ಪಾಯ ಕುದಸ್ತಾನ. ನಾ ಏನು ಮಾರ್ಲಿ? ಅಬ್ಬಾನ ಕೈ ನೋಡು."

ಉಸ್ತಾದರ ಕೈ ಅಡಿಗಲ್ಲಿನ ಮೇಲೆ ನಡುಗುತ್ತಿತ್ತು.

"ನೆನಪದಲ್ಲ ಬೇಟಾ?"

"ಅದರಿ," ಎಂದ ಮಡೆಪ್ಪ. ಹೊರಗೆ ಬಂದಾಗ ಎರಡೂವರೆ ಆಗಿತ್ತು.

*

ಪೊಲೀಸ್ ಲೈನಿನ ಮನೆಯಲ್ಲಿ ಪುತಳಾಬಾಯಿ ಮೆಣಸಿನಕಾಯಿ ಕುಟ್ಟುತ್ತಿದ್ದಳು.

"ನಮ್ಮ ಎಣ್ಣಿ ಯಾರಿಗರ ಕೊಟ್ಟೀ?"

"ಯಾವದು, ಮೊಣಕಾಲಿನ ಎಣ್ಣಿ?"

"ಅದು ಬಂದೂಕಿನ ಎಣ್ಣಿ!"

"ನಿಮಗ ಬಂದೂಕಿಂದು. ಲೈನಿನ ಮುದುಕೇರಿಗೆಲ್ಲಾ ಮೊಣಕಾಲಿಂದು." ಒನಕೆ ನಿಲ್ಲಲಿಲ್ಲ. "ಅವರಿಗಿ ಅಂಗೈಯಾಗ ಸುರೀತೇನಿ, ಅಲ್ಲೇ ತಿಕ್ಕೊಂಡು ಹೋಗ್ತಾರ. ಶೀಸಾ ತುಂಬಿ ಕೊಟ್ಟಿದ್ದು ಒಬ್ಬಾಕಿಗೇ. ಕಾರ್ತಿಕದಾಗ ದವಾಖಾನಿಗಿ ಬಂದಿದ್ಲಲ್ಲ, ಭಾತಂಬ್ರಾದ ಜನಕ್ಕ. ಪಾಪ, ನಡೀಲಾಕ ಬರ್ತಿದ್ದಿಲ್ಲ."

"ಪಾಟೀಲನ ಹೆಂಡತಿ?"

ಒನಕೆ ನಿಂತಿತು. ಪುತಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೆಣಸಿನ ಘಾಟಿಗೋ ಏನೋ. "ನಾ ಏನು ತಪ್ಪು ಮಾಡೀನಿ?"

ಮಡೆಪ್ಪ ಠಾಣೆಯ ದಾರಿ ಹಿಡಿದ. ಸತ್ತವನ ಮನೆಗೇ ಎಣ್ಣೆ ಹೋಗಿದೆ. ಹೆಂಡತಿಯೇ? ಮೊಣಕಾಲು ಹಿಡಿದು ಮೆಟ್ಟಿಲು ಹತ್ತುವವಳು ಬದುವಿನ ಮೇಲೆ ಬಂದೂಕು ಹೊತ್ತು ಹೋದಳೇ? ಅವಳ ಮನೆಯಲ್ಲಿ ಇನ್ನಾರಾದರೂ? ಒಂದು ಎಳೆ ಹಿಡಿದರೆ ಮೂರು ಬಿಚ್ಚುತ್ತಿದ್ದವು.

ಒಂದು ಮಾತ್ರ ಖಾತ್ರಿಯಿತ್ತು. ಪಂಢರಿಗೆ ಈ ಎಣ್ಣೆಯ ಗಂಧಗಾಳಿ ಇಲ್ಲ.

*

"ಮೂಗಿನ ಸಾಕ್ಷಿ ಕೋರ್ಟಿಗೆ ಬೇಡ," ಎಂದ ಮರಿಬಸವಯ್ಯ, ವಾಸನೆಯ ಗುರುತು, ಜನಾಬಾಯಿಗೆ ಹೋದ ಶೀಸೆ ಎಲ್ಲ ಕೇಳಿದ ಮೇಲೆ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಕೆಳಗೆ ಪಂಢರಿಗೆ ಬೇಡಿ ಹಾಕುವ ಸದ್ದು ಕೇಳುತ್ತಿತ್ತು. "ಹೊರಗೆ ಬೇರೆ ಎಣ್ಣೆ, ಒಳಗೆ ಬೇರೆ ಎಣ್ಣೆ ಅಂತೀರಿ. ಎಣ್ಣೆ ಎಣ್ಣೇನೇ ಅಂತಾರೆ ವಕೀಲರು. ಇದು ಯಾವುದು, ಯಾವುದರಿಂದ ಮಾಡ್ತಾರೆ, ಯಾರಿಗೆ ಮಾಡೋಕೆ ಬರುತ್ತೆ? ಬರೆದುಕೊಡಿ. ಇಲ್ಲಾಂದ್ರೆ ಆ ಎರಡು ಸಾಲು ಬರೆದು ಸಹಿ ಹಾಕಿ."

ಮಡೆಪ್ಪನ ಮುಂದೆ ಬಿಳಿ ಕಾಗದವಿತ್ತು. ಅಡಿಗಲ್ಲಿನ ಮೇಲಿನ ನಡುಗುವ ಕೈ ಕಣ್ಣಿಗೆ ಬಂತು. ಶೀಸೆ ತುಂಬುವ ವಜೀರಬೀ ಬಂದಳು. ಕೆಳಗಿನಿಂದ ಪಂಢರಿಯ ದನಿ ಬಂತು: "ಬಿಗಿ ಮಾಡಬ್ಯಾಡ್ರಿ ಅಣ್ಣಾ, ಓಡಿ ಹೋಗಾಕ ನನಗ ಊರರ ಎಲ್ಲದ?"

ಅವನು ಲೇಖನಿ ಅದ್ದಿದ.

ಹತ್ತು ವರ್ಷ ಉರ್ದುವಿನಲ್ಲಿ ವರದಿ ಬರೆದ ಕೈ. ಕನ್ನಡದ ಅಕ್ಷರ ಗುಂಡಗೆ, ನಿಧಾನಕ್ಕೆ ಇಳಿದವು. ಕುರಿಯ ಮುಂಗಾಲುಗಳನ್ನು ಸುಟ್ಟು, ಗೊರಸು ತೆಗೆದು, ಎಲುಬು ಜಜ್ಜಿ ಮೂರು ತಾಸು ಕುದಿಸತಕ್ಕದ್ದು. ಮೇಲೆ ತೇಲಿದ್ದನ್ನು ತೆಗೆದು ಚಳಿಯಲ್ಲಿ ಮೂರು ದಿನ ಇಡತಕ್ಕದ್ದು. ಗಟ್ಟಿ ಕೊಬ್ಬು ತಳಕ್ಕೆ ಕೂತ ಮೇಲೆ ತೆಳುವನ್ನು ಮಾತ್ರ ಬಸಿಯತಕ್ಕದ್ದು. ಅದರಲ್ಲಿ ಸೀಸದ ತುಂಡೊಂದನ್ನು ಹಾಕಿ ನಲವತ್ತು ದಿನ ಬಿಸಿಲಿಗೆ ಇಡತಕ್ಕದ್ದು. ಇದು ಚಳಿಗೆ ಹೆಪ್ಪುಗಟ್ಟುವುದಿಲ್ಲ, ಒಣಗಿ ಅಂಟಾಗುವುದಿಲ್ಲ, ತುಕ್ಕು ಬರಗೊಡುವುದಿಲ್ಲ. ಈ ಜಿಲ್ಲೆಯ ಬಂದೂಕಿಗೆ ಇದೇ ತಕ್ಕದ್ದು. ಕುಸುಬಿ ಎಣ್ಣೆಯಿಂದ ಕಟ್ಟಿಹೋಗಿದ್ದ ಪಂಢರಿಯ ಬಂದೂಕನ್ನು ಇದನ್ನು ಬಲ್ಲವರು ಸಡಿಲ ಮಾಡಿದ್ದಾರೆ.

ಎರಡು ವರದಿಗೂ ಒಂದೇ ಕಾಗದ ಸಾಕಾಯಿತು.

ಮರಿಬಸವಯ್ಯ ಎರಡು ಸಲ ಓದಿದ. "ಕುರಿ ಕಾಲಾ?" ಎಂದು ತನ್ನ ರಿವಾಲ್ವರಿನ ಚೀಲವನ್ನೊಮ್ಮೆ ನೋಡಿಕೊಂಡ. ಮೆಟ್ಟಿಲ ಕಡೆ ತಿರುಗಿ ಕೂಗಿದ. "ಪಂಢರಿಯ ಬೇಡಿ ಬಿಚ್ಚಿ. ಇವತ್ತು ಕೋರ್ಟಿಗೆ ಬೇಡ. ಆ ಹೆಂಗಸನ್ನ ಕರೀರಿ."

ಜನಾಬಾಯಿ ಇನ್ನೂ ಅಂಗಳದಲ್ಲೇ ಕೂತಿದ್ದಳು. ಮತ್ತೆ ಅದೇ ಮೆಟ್ಟಿಲು, ಅದೇ "ವಿಠ್ಠಲಾ". ಎಣ್ಣೆಯ ಶೀಸೆ ಎಲ್ಲಿ ಎಂದು ಮಡೆಪ್ಪ ಕೇಳಿದಾಗ ಅವಳು ಅಂಜಲಿಲ್ಲ, ನಾಚಿದಳು.

"ಪುತಳಾಗ ಹೇಳಬ್ಯಾಡ್ರಿ ಅಣ್ಣಾ. ಅಷ್ಟು ಪ್ರೀತಿಲಿಂದ ಕೊಟ್ಟಾಳ, ಮುಖಾ ನೋಡಿ ಬ್ಯಾಡ ಅನ್ನಲಾಕ ಆಗಲಿಲ್ಲ. ಮನಿಗಿ ಹೋದಮ್ಯಾಲ ವಾಸನಿ ಹತ್ತಿತು. ನಾವು ಪಂಢರಪುರಕ್ಕ ನಡಕೋತ ಹೋಗೋರು, ಕೊರಳಾಗ ತುಳಸಿ ಮಾಳ ಅದ. ಕುರಿ ಕಾಲಿಂದು ಮೈಗಿ ಹ್ಯಾಂಗ ಹಚ್ಚಲಿ? ದನದ ಕೊಟ್ಟಿಗ್ಯಾಗ ಇಟ್ಟಿದ್ದೆ. ತಿರುಗಿ ಕೊಡಬೇಕಂತ ತಂದೀನಿ."

ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. ಬೂಚಿನ ಮೇಲೆ ಪುತಳಾಬಾಯಿ ಕಟ್ಟಿದ ಕೆಂಪು ದಾರದ ಗಂಟು, ಅದರ ಮೇಲೆ ಅವಳೇ ಸುರಿದ ಮೇಣ, ಒಂದು ಗೀರೂ ಇಲ್ಲದೆ ಹಾಗೇ ಇತ್ತು. ಶೀಸೆ ಕತ್ತಿನವರೆಗೆ ತುಂಬಿತ್ತು.

ಮಡೆಪ್ಪ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.

ಹಾಗಾದರೆ ಪಂಢರಿಯ ಬಂದೂಕಿಗೆ ಹೋದ ಎಣ್ಣೆ ಇದಲ್ಲ. ಉಸ್ತಾದರದೂ ಅಲ್ಲ. ಮಡೆಪ್ಪನ ಕಣ್ಣು ತಾನಾಗಿಯೇ ಕಪಾಟಿನ ಕಡೆ ಹೋಯಿತು. ಅಲ್ಲಿ ಮೂರು ಬೆರಳು ಇಳಿದ ಶೀಸೆ. ಅದನ್ನು ಮರಿಬಸವಯ್ಯನೂ ನೋಡುತ್ತಿದ್ದ.

"ಈ ಎಣ್ಣೆ ಬಲ್ಲವರು ಸಡಿಲ ಮಾಡಿದ್ದಾರೆ. ನಿಮ್ಮದೇ ಅಕ್ಷರ," ಎಂದ ಅವನು ಮೆಲ್ಲಗೆ. "ಈ ಕೋಣೆಗೆ ಇರೋದು ಒಂದೇ ಬೀಗದ ಕೈ. ಅದು ಯಾವಾಗಲೂ ನಿಮ್ಮ ಸೊಂಟದಲ್ಲೇ ಇರುತ್ತೆ, ಅಲ್ವಾ ಜಮಾದಾರ್ರೇ? ಕೊಡಿ ಇಲ್ಲಿ."

ಮಡೆಪ್ಪ ಉಡಿದಾರದಿಂದ ಕೀಲಿಕೈ ಬಿಡಿಸಿದ. ಬೆರಳು ಅರ್ಧಕ್ಕೇ ನಿಂತಿತು. ಅದು ಅವನ ಸೊಂಟ ಬಿಟ್ಟದ್ದು ಒಂದೇ ಒಂದು ಸಲ. ಎಳ್ಳ ಅಮಾವಾಸ್ಯೆಗೆ ಎರಡು ದಿನ ರಜೆ ಹಾಕಿ ಎಕಂಬಾಕ್ಕೆ ಹೊರಟಾಗ. ಅಂದು ಅದನ್ನು ಇಸಿದುಕೊಳ್ಳಲು ಚಾಚಿದ್ದೂ ಮರಿಬಸವಯ್ಯನ ಇದೇ ಕೈ.

"ನಿಶ್ಚಿಂತೆಯಿಂದ ಹೋಗಿ ಬನ್ನಿ," ಎಂದಿತ್ತು ಆಗ ಇದೇ ದನಿ.

ಕೈ ಚಾಚಿಯೇ ಇತ್ತು. ಮಡೆಪ್ಪ ಕೀಲಿಕೈ ಅದರಲ್ಲಿಟ್ಟ. ಮೇಜಿನ ಮೇಲೆ ಅವನ ಕಾಗದದ ಶಾಯಿ ಇನ್ನೂ ಹಸಿಯಿತ್ತು.

ಕುತುಬೋದ್ದೀನ ಉಸ್ತಾದರಿಗೆ ಕೊಟ್ಟ ಮಾತನ್ನು ಮಡೆಪ್ಪ ಮುರಿದಿದ್ದ.